ನೋವಿನ ಸಾಕ್ಷ್ಯ: ಕಾಕನಕೋಟೆಯ ಸೀಮೆಯ ಮಕ್ಕಳನ್ನು ಕುರಿತು ಒಂದು ವಿವೇಚನೆ

ಕಾಕನಕೋಟೆಯೆಂದೊಡನೆ ಮೈಸೂರು ಸೀಮೆಯವರಿಗೆ ನೆನಪಾಗುವುದು ಆನೆಯ ಖೆಡ್ಡ. ಸಾಹಿತ್ಯಪರಿಚಯವುಳ್ಳವರಿಗೆ ಅದರೊಡನೆ ಮಾಸ್ತಿಯವರ ಅದೇ ಹೆಸರಿನ ನಾಟಕ. ಮೈಸೂರಿನಿಂದ ಸುಮಾರು 70 ಕಿಲೋಮೀಟರು ದೂರದಲ್ಲಿ, ಮಾನಂದವಾಡಿಗೆ ಹೋಗುವ ದಾರಿಯಲ್ಲಿ ಹಬ್ಬಿರುವ ಈ ಅರಣ್ಯದಲ್ಲಿ ಕಡೆಯ ಖೆಡ್ಡ ನಡೆದದ್ದು 1971ರಲ್ಲಿ. ಎಷ್ಟು ಆನೆಗಳು ಸಿಕ್ಕವು, ಗಂಡೆಷ್ಟು, ಹೆಣ್ಣೆಷ್ಟು, ಎತ್ತರವೇನು ಎಂಬುದನ್ನೆಲ್ಲ ಸರ್ಕಾರದವರು ಬರೆದಿಡುತ್ತಿದ್ದರು. ಅದಕ್ಕೂ ಹಿಂದೆ, 1800ರ ಸುಮಾರಿನಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಣ್ಣು, ಬೆಳೆ, ನೇಗಿಲು, ಜಾತಿ, ಕಂದಾಯ ಇವುಗಳನ್ನು ಊರೂರಿಗೂ ವಿವರವಾಗಿ ಗುರುತುಹಾಕಿಕೊಂಡನು. ಹೀಗೆ ದಾಖಲೆಗಳ ಮಟ್ಟಿಗೆ ಈ ಸೀಮೆ ಬಡವಲ್ಲ. ಆದರೆ ಆನೆಗಳನ್ನು ದೂಡಲು ತಮಟೆ ಬಡಿದ ಜೇನುಕುರುಬನ ಮಗು ಆ ರಾತ್ರಿ ಕಾಲುನೋವಿನಿಂದ ನಿದ್ದೆಯಿಲ್ಲದೆ ಹೊರಳಿತೋ ಎಂಬುದು ಯಾವ ಕಡತದ ಪ್ರಯೋಜನಕ್ಕೂ ಒಳಪಟ್ಟ ವಿಷಯವಾಗಿರಲಿಲ್ಲ.

ಮತ್ತೊಬ್ಬರ ನೋವನ್ನು ನಾವು ತಿಳಿಯುವುದು ಹೇಗೆ? ಅದಕ್ಕೆ ಆಧಾರವೇನು? ಆ ಆಧಾರವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳು ವೈದ್ಯಶಾಸ್ತ್ರಕ್ಕೆ ಸೇರಿದವು ನಿಜ. ಆದರೆ ಆಧಾರಗಳನ್ನು ತೂಗಿ ನೋಡುವುದೇ ಇತಿಹಾಸದ ಕಸುಬೂ ಆಗಿರುವುದರಿಂದ, ವೈದ್ಯನಲ್ಲದ ಇತಿಹಾಸದ ಅಧ್ಯಾಪಕನೊಬ್ಬನು ಇವುಗಳನ್ನು ಎತ್ತಿಕೊಂಡರೆ ವಾಚಕರು ಅದನ್ನು ಅಧಿಕಪ್ರಸಂಗವೆಂದು ಭಾವಿಸಲಾರರೆಂದು ನಂಬಿದ್ದೇನೆ. ಪ್ರಕೃತ ಲೇಖನಕ್ಕೆ ಕಾಕನಕೋಟೆಯ ಸೀಮೆಯನ್ನೇ ಆರಿಸಿಕೊಂಡದ್ದಕ್ಕೆ ಒಂದು ನಿರ್ದಿಷ್ಟವಾದ ಕಾರಣವುಂಟು. ಅದು ಕುಡುಗೋಲು ರಕ್ತಹೀನತೆ. ಜನರ ಬಾಯಲ್ಲಿ ಮತ್ತು ಆಸ್ಪತ್ರೆಯ ಚೀಟಿಗಳಲ್ಲಿ ಸಿಕಲ್ ಸೆಲ್ ಎನ್ನಿಸಿಕೊಂಡಿರುವ ವ್ಯಾಧಿ.

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನಲ್ಲಿ ಜೇನುಕುರುಬ, ಕಾಡುಕುರುಬ, ಎರವ, ಸೋಲಿಗ ಮೊದಲಾದ ಪಂಗಡಗಳ ಹಾಡಿಗಳಿವೆ. ಈ ಕಾಡು ಒಂದು ಕಡೆ ವೈನಾಡಿಗೂ ಮತ್ತೊಂದು ಕಡೆ ಬಂಡೀಪುರದ ಮೂಲಕ ನೀಲಗಿರಿಗೂ ಕೂಡಿಕೊಂಡದ್ದು. ಭಾರತದಲ್ಲಿ ಕುಡುಗೋಲು ಕಣಗಳನ್ನು ಶಾಸ್ತ್ರೀಯವಾಗಿ ಮೊದಲು ಗುರುತಿಸಿದ್ದು ಆ ನೀಲಗಿರಿಯ ಜನರಲ್ಲಿಯೇ; 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು ಅದನ್ನು ಪ್ರಕಟಿಸಿದರು. ರೋಗದ ಮೊದಲ ವರ್ಣನೆ 1910ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಜೇಮ್ಸ್ ಹೆರಿಕ್ ಎಂಬ ವೈದ್ಯನಿಂದ ಬಂದಿತ್ತು. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ ಎಂಬ ವಸ್ತುವಿನ ರಚನೆಯಲ್ಲಿಯೇ ದೋಷವಿರುವುದೆಂದು 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವನ ಸಂಗಡಿಗರು ತೋರಿಸಿದರು. ದುಂಡಗೆ ಮೆತ್ತಗೆ ಇರಬೇಕಾದ ಕಣವು ಪ್ರಾಣವಾಯು ಕಡಿಮೆಯಾದಾಗ ಬಿರುಸಾಗಿ ಕುಡುಗೋಲಿನಂತೆ ಬಾಗುತ್ತದೆ; ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ; ಅದರ ಆಚೆಗೆ ರಕ್ತ ಹರಿಯದೆ ಎಲುಬು, ಕೀಲು, ಎದೆ, ಹೊಟ್ಟೆಗಳಲ್ಲಿ ವಿಪರೀತವಾದ ನೋವು ಹುಟ್ಟುತ್ತದೆ. ತಂದೆತಾಯಿಗಳಿಬ್ಬರೂ ಈ ಗುಣವನ್ನು ಗುಪ್ತವಾಗಿ ಹೊತ್ತವರಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲಿನಷ್ಟು ರೋಗ ಬರುವ ಸಂಭವವಿದೆ. ಒಬ್ಬರಿಂದ ಮಾತ್ರ ಈ ಗುಣವನ್ನು ಪಡೆದವರಿಗೆ ಮಾರಕವಾದ ಮಲೇರಿಯದಿಂದ ಒಂದಿಷ್ಟು ರಕ್ಷಣೆ ದೊರೆಯುತ್ತದೆ. ಮಲೇರಿಯದ ಕಾಡುಗಳಲ್ಲಿ ತಲೆಮಾರುಗಳ ಕಾಲ ಬಾಳಿದ ಜನರಲ್ಲಿ ಇದು ಉಳಿದುಬಂದದ್ದಕ್ಕೆ ಅದೇ ಕಾರಣ. ಕಾಡು ಕಾಪಾಡಿದ್ದರ ಬೆಲೆಯನ್ನು ಮಕ್ಕಳ ಎಲುಬುಗಳು ತೆರುತ್ತಿವೆ ಎನ್ನಬಹುದು.

ಹುಟ್ಟಿದ ಮೊದಲ ಕೆಲವು ತಿಂಗಳು ಗರ್ಭದ ಕಾಲದ ಹಿಮೋಗ್ಲೋಬಿನ್ ಮಗುವಿನ ರಕ್ತದಲ್ಲಿ ಉಳಿದಿರುವುದರಿಂದ ರೋಗವು ತಲೆದೋರುವುದಿಲ್ಲ. ಆರು ತಿಂಗಳ ಸುಮಾರಿಗೆ, ಅದು ಕರಗುತ್ತ ಬಂದಂತೆ, ಅನೇಕ ಮಕ್ಕಳಲ್ಲಿ ಕೈ ಕಾಲುಗಳ ಮೇಲ್ಭಾಗ ಊದಿಕೊಂಡು ಮುಟ್ಟಗೊಡದಂತಾಗುತ್ತದೆ. ಉಳುಕೆಂದೋ, ಹುಳು ಕಚ್ಚಿತೆಂದೋ, ದೃಷ್ಟಿಯಾಯಿತೆಂದೋ ಅದನ್ನು ಭಾವಿಸುವುದು ಸಹಜ. ಗಮನಿಸಬೇಕಾದ ಸಂಗತಿಯೆಂದರೆ, ಮಗು ಬೆಳೆದ ಮೇಲೆ ಬರುವ ನೋವಿನ ಬಿಕ್ಕಟ್ಟುಗಳಲ್ಲಿ ಈ ಊತವೂ ಇಲ್ಲದಿರುವುದುಂಟು. ಎಕ್ಸ್‌ರೇ ಚಿತ್ರದಲ್ಲಿ ಮೊದಲಿಗೆ ಏನೂ ಕಾಣಿಸದಿರಬಹುದು. ನೋವು ಬಂದಿದೆ ಎಂದು ಖಚಿತಪಡಿಸುವ ರಕ್ತಪರೀಕ್ಷೆಯೊಂದು ಇಂದಿಗೂ ಇಲ್ಲ. ಹತ್ತು ವರ್ಷದ ಹುಡುಗನೊಬ್ಬನು ತೊಡೆ ಸೀಳುತ್ತಿದೆ ಎಂದು ಹೇಳಿದರೆ ಅವನ ಆ ಮಾತಿನ ಹೊರತು ವೈದ್ಯನ ಮುಂದೆ ಬೇರೆ ಪ್ರಮಾಣವೇ ಇರುವುದಿಲ್ಲ.

ಇಲ್ಲಿಯೇ ಆಧಾರದ ಪ್ರಶ್ನೆ ಬರುತ್ತದೆ. ನೋವನ್ನು ಕುರಿತು ಅಧ್ಯಯನಮಾಡುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿಗೆ ಒಂದು ಲಕ್ಷಣವನ್ನು ಹೇಳಿ, 2020ರಲ್ಲಿ ಅದನ್ನು ತಿದ್ದಿತು. ಅದರ ತಾತ್ಪರ್ಯವಿಷ್ಟು: ನೋವೆಂಬುದು ದೇಹಕ್ಕೂ ಭಾವಕ್ಕೂ ಸೇರಿದ ಅಹಿತವಾದ ಅನುಭವ, ಅಂಗಾಂಶಕ್ಕೆ ಹಾನಿಯಾದಾಗ ಆಗುವಂಥದು, ಅಥವಾ ಅದನ್ನು ಹೋಲುವಂಥದು. 2020ರಲ್ಲಿ ಸೇರಿಸಿದ ಟಿಪ್ಪಣಿಗಳಲ್ಲಿ ಎರಡು ನಮಗೆ ಮುಖ್ಯ. ನೋವಾಗುತ್ತಿದೆ ಎಂದು ಒಬ್ಬನು ಹೇಳಿದರೆ ಆ ಮಾತಿಗೆ ಮನ್ನಣೆ ಸಲ್ಲಬೇಕು ಎಂಬುದು ಒಂದು. ಹೇಳಲಾರದಿರುವುದರಿಂದ ನೋವು ಇಲ್ಲವೆಂದು ಸಿದ್ಧವಾಗದು ಎಂಬುದು ಇನ್ನೊಂದು. ಇತಿಹಾಸದ ಪರಿಭಾಷೆಯಲ್ಲಿ ಹೇಳುವುದಾದರೆ ರೋಗಿಯ ಮಾತೇ ಮೂಲ ಆಧಾರ. ನಾಡಿಯ ವೇಗ, ಮುಖದ ಚರ್ಯೆ, ತಾಯಿಯ ಹೇಳಿಕೆ ಇವೆಲ್ಲ ಅದರ ನಂತರದ ಆಧಾರಗಳು. ಮೂಲ ಆಧಾರ ಕೈಯಲ್ಲಿರುವಾಗ ಅದನ್ನು ಬಿಟ್ಟು ಇತರರ ಊಹೆಯನ್ನು ನೆಚ್ಚುವುದು ಯಾವ ಶಾಸ್ತ್ರದಲ್ಲಿಯೂ ಒಪ್ಪತಕ್ಕದ್ದಲ್ಲ.

ಮಾತಿನ ವಿಷಯದಲ್ಲಿ ಕನ್ನಡವು ಉದಾರವಾದ ಭಾಷೆ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಾಲು ಸೆಳೆಯುತ್ತದೆ, ಕಣ್ಣು ಚುಚ್ಚುತ್ತದೆ, ಪಾದ ಉರಿಯುತ್ತದೆ, ಕೈ ಜೋಮು ಹಿಡಿಯುತ್ತದೆ. ಹೆರಿಗೆಗೆ ಮಾತ್ರ ಬೇನೆ. ಕೆನಡದ ರೊನಾಲ್ಡ್ ಮೆಲ್‌ಜಾಕ್ 1975ರಲ್ಲಿ ಇಂಥ 78 ಇಂಗ್ಲಿಷ್ ಮಾತುಗಳನ್ನು 20 ಗುಂಪುಗಳಾಗಿ ಹೊಂದಿಸಿ ಒಂದು ಪ್ರಶ್ನಾವಳಿಯನ್ನು ರಚಿಸಿದನು. ಇದು ಬರಿಯ ಶಬ್ದವಿಲಾಸವಲ್ಲ. ಉರಿ, ಜುಮುಜುಮು, ಕರೆಂಟು ಹೊಡೆದಂತೆ ಎಂಬ ಮಾತುಗಳು ನರಕ್ಕೇ ಪೆಟ್ಟಾಗಿರುವುದನ್ನು ಸೂಚಿಸುತ್ತವೆ. ಅಂಥ ನೋವಿಗೆ ಸಾಮಾನ್ಯವಾದ ಗುಳಿಗೆಗಳು ಅಷ್ಟಾಗಿ ನಾಟವು, ಬೇರೆ ಔಷಧ ಬೇಕು. ಆದ್ದರಿಂದ ರೋಗಿಯಾಡಿದ ಮಾತನ್ನು ವೈದ್ಯನು ನೋವು ಎಂಬ ಒಂದೇ ಪದಕ್ಕೆ ಇಳಿಸಿ ಬರೆದುಕೊಂಡರೆ ಚಿಕಿತ್ಸೆಗೆ ಬೇಕಾದ ಸುಳಿವೇ ಅಳಿಸಿಹೋಗುತ್ತದೆ. ಹಾಡಿಯ ಮಕ್ಕಳು ಮನೆಯಲ್ಲಾಡುವ ನುಡಿ ಬಯಲುಸೀಮೆಯ ಕನ್ನಡವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅಪರಿಚಿತರೆದುರು ಸುಮ್ಮನೆ ತಲೆ ತಗ್ಗಿಸಿ ಕುಳಿತ ಮಗುವಿನ ಮೌನವನ್ನು ಆರಾಮವೆಂದು ಓದಿಕೊಳ್ಳುವುದು ತಪ್ಪಾದ ಓದು.

ಮಾತು ಬಲ್ಲ ಮಕ್ಕಳ ನೋವನ್ನು ಅಳೆಯಲು ಹಲವು ಸಾಧನಗಳಿವೆ. ಎಂಟು ವರ್ಷ ಮೀರಿದವರು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ತಮ್ಮ ನೋವನ್ನು ಹೇಳಬಲ್ಲರು. ಅದಕ್ಕಿಂತ ಚಿಕ್ಕವರಿಗೆ ಮುಖಗಳ ಚಿತ್ರಪಟ್ಟಿಕೆಯುಂಟು. 1980ರ ದಶಕದ ಆರಂಭದಲ್ಲಿ ಡೋನ ವಾಂಗ್ ಮತ್ತು ಕಾನಿ ಬೇಕರ್ ಎಂಬಿಬ್ಬರು ರೂಪಿಸಿದ ಆರು ಮುಖಗಳ ಪಟ್ಟಿಕೆ ಮೂರು ವರ್ಷದ ಮಗುವಿಗೂ ಸಲ್ಲುವುದೆಂದು ಪ್ರಸಿದ್ಧವಾಗಿದೆ. ಅದರಲ್ಲೊಂದು ತೊಡಕು: ಮೊದಲ ಮುಖ ನಗುತ್ತದೆ, ಕಡೆಯದು ಕಣ್ಣೀರಿಡುತ್ತದೆ, ಹೀಗಾಗಿ ಮಗು ನೋವನ್ನಲ್ಲದೆ ದುಃಖವನ್ನೋ ಭಯವನ್ನೋ ತೋರಿಸಬಹುದು. ಇದನ್ನು ತಪ್ಪಿಸಲೆಂದು 2001ರಲ್ಲಿ ಪ್ರಕಟವಾದ ಮತ್ತೊಂದು ಪಟ್ಟಿಕೆಯಲ್ಲಿ ನಗೆಯೂ ಇಲ್ಲ, ಕಣ್ಣೀರೂ ಇಲ್ಲ. ಆದರೆ ಈ ಲೇಖಕನ ಅಭಿಪ್ರಾಯದಲ್ಲಿ ನಮ್ಮ ಹಾಡಿಗಳಿಗೆ ಹೆಚ್ಚು ಹೊಂದತಕ್ಕದ್ದು ಇವೆರಡೂ ಅಲ್ಲ. 1979ರಲ್ಲಿ ನ್ಯಾನ್ಸಿ ಹೆಸ್ಟರ್ ಎಂಬ ಅಮೆರಿಕದ ದಾದಿಯೊಬ್ಬರು ನಾಲ್ಕು ಬಿಲ್ಲೆಗಳ ಉಪಾಯವನ್ನು ತಂದರು. ಒಂದು ಬಿಲ್ಲೆಯೆಂದರೆ ಸ್ವಲ್ಪ ನೋವು, ನಾಲ್ಕು ಬಿಲ್ಲೆಯೆಂದರೆ ಇರಬಹುದಾದಷ್ಟೂ ನೋವು. ನಿನಗೀಗ ಎಷ್ಟು ಬಿಲ್ಲೆ ನೋವಿದೆ ಎಂದು ಕೇಳಿದರೆ ಮಗು ಅಷ್ಟನ್ನು ಎತ್ತಿಕೊಡುತ್ತದೆ. ಅಳಗುಳಿಮಣೆ, ಚೌಕಾಬಾರಗಳನ್ನು ಹುಣಿಸೆಬೀಜದಲ್ಲಾಡುವ ನಾಡಿನಲ್ಲಿ ಬಿಲ್ಲೆಗೆ ಬದಲು ನಾಲ್ಕು ಹುಣಿಸೆಬೀಜಗಳು ಸಾಕು. ಅಚ್ಚಿನ ಚಿತ್ರವನ್ನು ಕಾಣದ ಮಗುವಿಗೂ ಬೀಜವನ್ನು ಎಣಿಸಲು ಬರುತ್ತದೆ. ಬಳಕೆಗೆ ತರುವ ಮುನ್ನ ಇದನ್ನು ಕ್ರಮವಾಗಿ ಪರೀಕ್ಷಿಸಿ ನೋಡಬೇಕಾದ್ದು ನಿಜ. ಆ ಕೆಲಸವನ್ನು ನಮ್ಮ ಕಾಲೇಜುಗಳ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ವೈದ್ಯರೊಡಗೂಡಿ ಮಾಡಲು ಏನೂ ಅಡ್ಡಿಯಿಲ್ಲ.

ಮಾತೇ ಬಾರದ ಶಿಶುಗಳ ವಿಷಯ ಹೆಚ್ಚು ಕಠಿನವಾದದ್ದು. ಅದರ ಚರಿತ್ರೆಯೂ ಅಷ್ಟೇನೂ ಗೌರವಾಸ್ಪದವಲ್ಲ. ಚಾರ್ಲ್ಸ್ ಡಾರ್ವಿನ್ 1872ರ ತನ್ನ ಗ್ರಂಥದಲ್ಲಿ ಅಳುವ ಶಿಶುಗಳ ಮುಖವನ್ನು ಛಾಯಾಚಿತ್ರಗಳೊಡನೆ ವರ್ಣಿಸಿದ್ದನು: ಬಿಗಿಯಾಗಿ ಮುಚ್ಚಿದ ಕಣ್ಣು, ಗಂಟಿಕ್ಕಿದ ಹುಬ್ಬು, ಚೌಕವಾಗಿ ತೆರೆದ ಬಾಯಿ. ಇಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದರೂ ನವಜಾತ ಶಿಶುವಿನ ಮಿದುಳು ಬಲಿತಿರುವುದಿಲ್ಲ, ಅದರ ಚಲನೆಗಳೆಲ್ಲ ಅರಿವಿಲ್ಲದ ಪ್ರತಿಕ್ರಿಯೆಗಳು ಎಂಬ ಮತವೇ ಬಲವಾಯಿತು. 1941ರಲ್ಲಿ ಮರ್ಟಲ್ ಮೆಗ್ರಾ ಎಂಬವರು ಶಿಶುಗಳಿಗೆ ಸೂಜಿ ಚುಚ್ಚಿ ನೋಡಿ ಬರೆದ ಪ್ರಬಂಧವನ್ನು ಈ ಮತಕ್ಕೆ ಆಧಾರವಾಗಿ ಬಹುಕಾಲ ಬಳಸಿದರು. ಪರಿಣಾಮವಾಗಿ 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲಿಯೇ ಎಷ್ಟೋ ಶಿಶುಗಳಿಗೆ ಅಲುಗದಂತೆ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಮಾತ್ರ ಕೊಟ್ಟು, ನೋವು ತಡೆಯುವ ಔಷಧವನ್ನು ಕೊಡದೆ ಅಥವಾ ಅತ್ಯಲ್ಪವಾಗಿ ಕೊಟ್ಟು ಶಸ್ತ್ರಕ್ರಿಯೆ ನಡೆಸುತ್ತಿದ್ದರು. ಅಲುಗಾಡದ ಶಿಶುವಿಗೆ ನೋವಿಲ್ಲವೆಂಬುದು ಅವರ ತರ್ಕ.

ಈ ಮತವನ್ನು ಅಲುಗಿಸಿದವರಲ್ಲಿ ಮುಂದಾಳು ಭಾರತೀಯರೇ ಎಂಬುದು ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ಇಂದೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಆಕ್ಸ್‌ಫರ್ಡಿಗೆ ಹೋದ ಕೆ. ಜೆ. ಎಸ್. ಆನಂದ್ ಅವರು, ಶಸ್ತ್ರಕ್ರಿಯೆಗೆ ಒಳಗಾಗುವ ಅಕಾಲಜಾತ ಶಿಶುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ಪ್ರಬಲವಾದ ನೋವುನಿವಾರಕವನ್ನು ಕೊಟ್ಟು, ಉಳಿದವುಗಳಿಗೆ ರೂಢಿಯ ಕ್ರಮವನ್ನೇ ಅನುಸರಿಸಿ, ಎರಡು ಗುಂಪುಗಳ ರಕ್ತದಲ್ಲಿ ದೇಹದ ಒತ್ತಡವನ್ನು ತೋರಿಸುವ ಸ್ರಾವಗಳನ್ನು ಅಳೆದರು. ಔಷಧ ಪಡೆದ ಶಿಶುಗಳಲ್ಲಿ ಅವು ಕಡಿಮೆಯಿದ್ದುವು. ಶಸ್ತ್ರಕ್ರಿಯೆಯ ಅನಂತರದ ತೊಂದರೆಗಳೂ ಕಡಿಮೆಯಾದುವು. ಈ ಫಲಿತಾಂಶ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಆ ವರ್ಷವೇ ಅಮೆರಿಕದ ಮಕ್ಕಳ ವೈದ್ಯರ ಪರಿಷತ್ತು ನವಜಾತರಿಗೂ ಅರಿವಳಿಕೆ ಕೊಡತಕ್ಕದ್ದೆಂದು ಸಾರಿತು. ಈಥರ್ ಬಳಕೆಗೆ ಬಂದು ಆಗಲೇ 141 ವರ್ಷಗಳಾಗಿದ್ದುವು.

ಈಗ ಶಿಶುವಿನ ನೋವನ್ನು ಓದುವ ಕ್ರಮಗಳು ಅನೇಕ. 1997ರಲ್ಲಿ ಪ್ರಕಟವಾದ ಫ್ಲಾಕ್ ಎಂಬ ಮಾನದಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಬಗ್ಗುವಿಕೆ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಹತ್ತಕ್ಕೆ ಕೂಡಿಸುತ್ತಾರೆ. ಎರಡು ತಿಂಗಳಿನಿಂದ ಏಳು ವರ್ಷದವರೆಗೆ ಅದು ಸಲ್ಲುತ್ತದೆ. ನವಜಾತರಿಗೆ ಉಸಿರಾಟ, ಎಚ್ಚರದ ಸ್ಥಿತಿ ಮುಂತಾದುವನ್ನು ಸೇರಿಸಿದ ಬೇರೆ ಮಾನಗಳಿವೆ. ಇವೆಲ್ಲವೂ ಸಾಂದರ್ಭಿಕ ಸಾಕ್ಷ್ಯವೆಂಬುದನ್ನು ಮರೆಯಬಾರದು. ಹಸಿದ ಮಗುವೂ ಅಳುತ್ತದೆ. ಇನ್ನೊಂದು ಕಡೆ, ದಿನಗಟ್ಟಲೆ ನೋವುಂಡ ಮಗು ಅಳುವುದನ್ನೇ ನಿಲ್ಲಿಸಿ ಗೋಡೆಯ ಕಡೆ ಮುಖಮಾಡಿ ಮಲಗಿಬಿಡುತ್ತದೆ. ಅಂಕ ಕಡಿಮೆ ಬರುತ್ತದೆ, ನೋವು ಕಡಿಮೆಯಿರುವುದಿಲ್ಲ. ಇಂಥಲ್ಲಿ ಮಗುವನ್ನು ದಿನವೂ ಎತ್ತಿ ಆಡಿಸುವ ತಾಯಿಯ ಅಥವಾ ಅಜ್ಜಿಯ ಮಾತು ಯಾವ ಮಾನಕ್ಕಿಂತಲೂ ಬೆಲೆಯುಳ್ಳದ್ದು.

ಶಿಶುಗಳಿಗೆ ನೋವಿಲ್ಲವೆಂದ ತರ್ಕವನ್ನು ಬಲವಿಲ್ಲದ ಇತರರಿಗೂ ಅನ್ವಯಿಸಿದ ನಿದರ್ಶನಗಳು ಚರಿತ್ರೆಯಲ್ಲಿ ಧಾರಾಳವಾಗಿವೆ. ಅಮೆರಿಕದ ಅಲಬಾಮ ಪ್ರಾಂತದಲ್ಲಿ ಮೇರಿಯನ್ ಸಿಮ್ಸ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು 1840ರ ದಶಕದಲ್ಲಿ ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಶಸ್ತ್ರಪ್ರಯೋಗ ನಡೆಸಿದನು. ಕಪ್ಪುಜನರ ಚರ್ಮ ದಪ್ಪವೆಂಬ ನಂಬಿಕೆ ಅಲ್ಲಿಯ ವೈದ್ಯವಿದ್ಯಾರ್ಥಿಗಳಲ್ಲಿ ಪೂರ್ತಿ ಅಳಿದಿಲ್ಲವೆಂದು ವರ್ಜೀನಿಯ ವಿಶ್ವವಿದ್ಯಾನಿಲಯದ 2016ರ ಅಧ್ಯಯನವೊಂದು ತೋರಿಸಿತು. ಕಾಡಿನವರು ಗಟ್ಟಿಮುಟ್ಟಾದವರು, ನೋವು ತಡೆಯುವುದು ಅವರಿಗೆ ರೂಢಿ ಎಂಬ ನಮ್ಮ ಸೀಮೆಯ ಮೆಚ್ಚುಗೆಯ ಮಾತು ಕೇಳಲು ಸೊಗಸಾಗಿದೆ; ಅದರ ಒಳಗಿರುವ ತರ್ಕ ಮಾತ್ರ ಇದೇ. ತಡೆಯುವುದು ಬೇರೆ, ಇಲ್ಲದಿರುವುದು ಬೇರೆ.

ಇನ್ನು ನಿವಾರಣೆಯ ವಿಷಯ. ಕುಡುಗೋಲು ರೋಗದ ನೋವು ಕೆರಳುವುದು ಚಳಿ, ನೀರಡಿಕೆ, ಜ್ವರ, ಅತಿಶ್ರಮ ಇವುಗಳಿಂದ. ಆದ್ದರಿಂದ ಬೆಚ್ಚನೆಯ ಹೊದಿಕೆ, ಧಾರಾಳವಾಗಿ ಕುಡಿಯುವ ನೀರು ಇವೇ ಮೊದಲ ಔಷಧಗಳು. ಕಾಡಂಚಿನ ಮಾರ್ಗಶಿರದ ಚಳಿಯನ್ನು ಬಲ್ಲವರಿಗೆ ಹೊದಿಕೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಸಾಮಾನ್ಯವಾದ ನೋವಿಗೆ ಮಗುವಿನ ತೂಕಕ್ಕೆ ತಕ್ಕಂತೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್. ಅದಕ್ಕೆ ಬಗ್ಗದ ನೋವಿಗೆ ಮಾರ್ಫಿನ್. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಮೊದಲ ಔಷಧ ಬೀಳಬೇಕು, ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ ನೋವನ್ನು ಮತ್ತೆ ಅಳೆಯಬೇಕು ಎಂದು ಅಮೆರಿಕದ ರಕ್ತರೋಗತಜ್ಞರ ಸಂಘದ 2020ರ ಸೂಚನೆ ಹೇಳುತ್ತದೆ. ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ನಿತ್ಯವೂ ಸೇವಿಸಿದರೆ ಬಿಕ್ಕಟ್ಟುಗಳೇ ವಿರಳವಾಗುತ್ತವೆ. ಜ್ವರವೋ ಎದೆನೋವೋ ಉಸಿರುಕಟ್ಟುವಿಕೆಯೋ ಕೂಡಿಬಂದಾಗ ಮಾತ್ರ ಮನೆಯಲ್ಲಿ ಕಾಯುತ್ತ ಕೂರತಕ್ಕದ್ದಲ್ಲ. ಅದು ಪ್ರಾಣಾಪಾಯದ ಸೂಚನೆ.

ಶಿಶುಗಳ ಸಣ್ಣಪುಟ್ಟ ನೋವುಗಳಿಗೆ, ಎಂದರೆ ಲಸಿಕೆ ಅಥವಾ ಹಿಮ್ಮಡಿಯಿಂದ ರಕ್ತ ತೆಗೆಯುವಿಕೆಯಂಥವಕ್ಕೆ, ಬೇಕಾದುದು ತಾಯಿಯ ಬಳಿಯೇ ಇದೆ. ಚುಚ್ಚುವ ಮೊದಲೂ ಚುಚ್ಚುವಾಗಲೂ ಮೊಲೆಯೂಡುವುದು, ಮೈಗೆ ಮೈ ತಗಲುವಂತೆ ಎದೆಗವಚಿಕೊಳ್ಳುವುದು ಇವುಗಳಿಂದ ನೋವು ತಗ್ಗುವುದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಹಾಲೂಡಲು ಅವಕಾಶವಿಲ್ಲದಾಗ ಆಸ್ಪತ್ರೆಗಳಲ್ಲಿ ಎರಡು ನಿಮಿಷ ಮುಂಚಿತವಾಗಿ ಸಕ್ಕರೆಯ ದ್ರಾವಣದ ಕೆಲವು ಹನಿಗಳನ್ನು ನಾಲಗೆಯ ಮೇಲೆ ಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವನ್ನು ಕುರಿತು ಹೊರಡಿಸಿದ ಸಲಹೆಗಳಲ್ಲಿ ಮಗು ತಾಯಿಯ ಮಡಿಲಲ್ಲಿರಬೇಕೆಂಬುದೂ, ಹೆಚ್ಚು ನೋಯುವ ಲಸಿಕೆಯನ್ನು ಕಡೆಗೆ ಹಾಕಬೇಕೆಂಬುದೂ ಸೇರಿವೆ. ನಮ್ಮ ಹಳ್ಳಿಗಳಲ್ಲಿ ರೋಗಕ್ಕೆಂದು ಎಳೆಗೂಸಿಗೆ ಬರೆ ಹಾಕುವ ಪದ್ಧತಿ ಇದಕ್ಕೆ ನೇರ ವಿರುದ್ಧವಾದದ್ದು; ಅಳುವ ಮಗುವಿಗೆ ಇನ್ನೊಂದು ನೋವನ್ನು ಕೂಡಿಸುವುದಲ್ಲದೆ ಅದರಿಂದ ಬೇರೆ ಫಲವಿಲ್ಲ.

ಮಾರ್ಫಿನ್ನಿನ ಹೆಸರು ಕೇಳಿದೊಡನೆ ಚಟದ ಭಯ ಹುಟ್ಟುವುದುಂಟು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಅಪ್ಪಣೆಯಿಂದ ಅಫೀಮು ಬೆಳೆಯುವ ದೇಶ ನಮ್ಮದು; ಹೀಗಿದ್ದೂ 1985ರ ಮಾದಕವಸ್ತು ಕಾಯಿದೆ ಬಂದ ತರುವಾಯ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯ ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ನನ್ನು ಇಡುವುದನ್ನೇ ಬಿಟ್ಟುವು. ಅದನ್ನು ಬಳಸಿ ಕಲಿಯದ ವೈದ್ಯರ ತಲೆಮಾರೊಂದು ಬೆಳೆಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ಕಟ್ಟಿದ ಉಪಶಾಮಕ ಚಿಕಿತ್ಸೆಯ ಸಂಘದ ಮತ್ತು ಅಂಥ ಇತರರ ದೀರ್ಘಪ್ರಯತ್ನದಿಂದ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಈಗ ಮಾರ್ಫಿನ್ ಮೊದಲಾದ ಆರು ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ. ರಾಜ್ಯದ ಔಷಧ ನಿಯಂತ್ರಕರಿಂದ ಮನ್ನಣೆ ಪಡೆದ ಸಂಸ್ಥೆ ಅದನ್ನು ಇಟ್ಟುಕೊಳ್ಳಬಹುದು. ಭಯವು ಪೂರ್ತಿ ನಿರಾಧಾರವೆಂದು ಹೇಳುವುದೂ ಸರಿಯಲ್ಲ. ಅಮೆರಿಕದಲ್ಲಿ ಇಂಥ ಔಷಧಗಳ ಅತಿಬಳಕೆಯಿಂದ ಅಪಾರ ಹಾನಿಯಾಗಿದೆ. ಔಷಧ ಕಂಪನಿಗಳ ಪ್ರಭಾವವಿತ್ತೆಂಬ ಆಕ್ಷೇಪ ಬಂದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳ ನೋವನ್ನು ಕುರಿತ ತನ್ನ 2012ರ ಮಾರ್ಗದರ್ಶಿಯನ್ನು 2019ರಲ್ಲಿ ಹಿಂತೆಗೆದುಕೊಂಡು, ಮಕ್ಕಳ ದೀರ್ಘಕಾಲದ ನೋವಿಗೆ 2020ರಲ್ಲಿ ಹೊಸದನ್ನು ಪ್ರಕಟಿಸಿತು. ಆದರೆ ಅತಿಯಾಗಿ ಬಳಸಿದವರ ಪಾಠವನ್ನು, ಬಳಸಲು ಸಿಕ್ಕೇ ಇಲ್ಲದವರಿಗೆ ಓದಿಹೇಳುವುದು ವಿವೇಕವೆನಿಸದು.

ಈ ಸೀಮೆಯಲ್ಲಿ ಕೆಲಸವೇ ನಡೆದಿಲ್ಲವೆಂದು ಭಾವಿಸಬೇಕಾಗಿಲ್ಲ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯುವ ಆಂದೋಲನವು ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳನ್ನು ಕಟ್ಟಿತು. ಉಪಶಾಮಕ ಚಿಕಿತ್ಸೆಯನ್ನೂ ಕೈಗೊಂಡಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಸೋಲಿಗರಲ್ಲಿ ಕುಡುಗೋಲು ರೋಗವನ್ನು ಪತ್ತೆಹಚ್ಚುವ ಕಾರ್ಯವನ್ನು ಬಹುಕಾಲದಿಂದ ನಡೆಸಿದ್ದಾರೆ. ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ನಲವತ್ತು ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, 2047ರ ವೇಳೆಗೆ ರೋಗವನ್ನು ನಿರ್ಮೂಲಗೊಳಿಸುವುದು ಅದರ ಗುರಿ. ಪರೀಕ್ಷಿಸಿದವರಿಗೆ ಅವರ ರಕ್ತದ ಬಗೆಯನ್ನು ಗುರುತಿಸಿದ ಕಾರ್ಡನ್ನು ಕೊಡುತ್ತಾರೆ.

ಆ ಕಾರ್ಡನ್ನು ಇತಿಹಾಸದ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಅದೂ ಒಂದು ದಾಖಲೆಯೇ. ರಕ್ತದ ಬಗೆ ಅದರಲ್ಲಿದೆ. ಮಗುವಿನ ನೋವಿನ ವೃತ್ತಾಂತಕ್ಕೆ ಬೇರೆ ಹಾಳೆ ಬೇಕು. ಹಾಡಿಯ ಆಶಾ ಕಾರ್ಯಕರ್ತೆಯೋ ಆಶ್ರಮಶಾಲೆಯ ಉಪಾಧ್ಯಾಯರೋ ಬರೆದಿಡಬಹುದಾದ ಹಾಳೆ ಅದು: ನೋವು ಹಿಡಿದದ್ದು ಎಂದು, ದೇಹದ ಯಾವ ಭಾಗದಲ್ಲಿ, ಮಗು ತನ್ನ ನುಡಿಯಲ್ಲಿ ಅದನ್ನು ಏನೆಂದಿತು, ಎಷ್ಟು ಬೀಜ ಎತ್ತಿಕೊಟ್ಟಿತು, ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟರು, ಒಂದು ಗಂಟೆಯ ಮೇಲೆ ಕೇಳಿದಾಗ ಎಷ್ಟು ಬೀಜ ಉಳಿದಿತ್ತು. ಅದು ಕೈಯಲ್ಲಿದ್ದರೆ, ಇರುಳಿನಲ್ಲಿ ಅಂತರಸಂತೆಯ ಕಡೆಯಿಂದ ಮಗುವನ್ನು ಹೊತ್ತು ತಂದ ತಂದೆಯು ದವಾಖಾನೆಯ ಬಾಗಿಲಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿ ನಂಬಿಸಬೇಕಾಗುವುದಿಲ್ಲ.